ಪಾರ್ಲೆ ಮನೆಯ ರುಬ್ಬುವ ಕಲ್ಲು

"ಕಲ್ಲನ್ನ ಯಾರರ ಕದೀತಾರೇನು?"

ಸಬ್ ಇನ್‌ಸ್ಪೆಕ್ಟರ್ ಸಿದ್ದರಾಮಪ್ಪ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಬೊಂಬಾಯಿಯ ಪಾರ್ಲೆ ಠಾಣೆಯ ಕಿಟಕಿಯಾಚೆ ಲೋಕಲ್ ರೈಲು ಹಾದುಹೋಗುತ್ತಿತ್ತು. ಅದರ ಸದ್ದಿನೊಳಗೆ ಮಾತು ಮುಳುಗಿತು. 1955ರ ಮೇ ತಿಂಗಳ ಕೊನೆಯ ವಾರ, ಬೆಳಗಿನ ಹತ್ತು ಗಂಟೆ. ಮಳೆ ಇವತ್ತೋ ನಾಳೆಯೋ ಎನ್ನುವ ಸೆಕೆ. ಎದುರಿನ ಬೆಂಚಿನ ಮೇಲೆ ಕುಳಿತಿದ್ದ ಹೆಂಗಸು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಭಾರವಾದ ಏನನ್ನೋ ಕೂಸಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಹೆಸರು?"

"ಶೀಲಾವತಿ. ಊರು ಉಡುಪಿ ಹತ್ರ. ಮನೆ ಇಲ್ಲೇ ಪಾರ್ಲೆಯಲ್ಲಿ. ಈಗ ಎರಡು ತಿಂಗಳಿಂದ ಮಲಾಡಲ್ಲಿ ತಂಗಿ ಜೊತೆ ಇದ್ದೇನೆ."

"ಹೋದದ್ದು ಎಂಥಾ ಕಲ್ಲು?"

"ಕಡೆಯುವ ಕಲ್ಲು ಸಾಹೇಬ್ರೇ, ದೋಸೆಗೆ ರುಬ್ಬುವಂಥದ್ದು. ನೆಲದಲ್ಲಿ ಹುಗಿದದ್ದು."

ಕಾನ್‌ಸ್ಟೇಬಲ್ ದಾನಪ್ಪನಿಗೆ ನಗು ತಡೆಯಲಿಲ್ಲ. "ಅಕ್ಕಾರ, ಕಳ್ಳ ಪೈಲ್ವಾನ ಇರಬೇಕು ಬಿಡ್ರಿ."

"ನಗಾಡಿ ಮಾರಾಯ್ರೆ, ನಗಾಡಿ. ಆ ಕಲ್ಲು ಹೋದ್ರೆ ನನ್ನ ಮನೆಯೂ ಹೋಯ್ತು."

ದಾನಪ್ಪನ ನಗು ಅಲ್ಲಿಗೇ ನಿಂತಿತು.

ಅವಳು ಹೇಳಿದ್ದು ಇಷ್ಟು. ಗಂಡ ತೀರಿಕೊಂಡ ಮೇಲೆ ಪಾರ್ಲೆಯ ಒಂದು ಹಳೆಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದು, ಒಂಟಿ ಗಂಡಸರಿಗೆ ಊಟ ಬೇಯಿಸಿ ಹಾಕಿ ಬದುಕಿದವಳು. ಬಾಡಿಗೆ ಮುದುಕ ಯಜಮಾನನ ಕೈಗೇ ಕೊಡುತ್ತಿದ್ದಳು. ರಸೀದಿ ಇಲ್ಲ, ಮುದುಕನೂ ಈಗಿಲ್ಲ. ಗೋಡೆ ಬಿರಿದು ಮಾಡು ಕುಸಿಯುತ್ತಿದ್ದ ಆ ಮನೆಯನ್ನು ಹೋಟೆಲಿನ ರಮಾನಾಥ ಕೊಂಡುಕೊಂಡ. ರಿಪೇರಿ ಮಾಡಿಸಿ, ನಾಲ್ಕು ಪಾಲು ಮಾಡಿ ಬಾಡಿಗೆಗೆ ಕೊಡುವುದು ಅವನ ಲೆಕ್ಕ. "ಕೆಲಸ ಮುಗಿದ ಕೂಡಲೇ ಬನ್ನಿ ಅಕ್ಕ" ಎಂದು ಅವಳನ್ನು ಕಳಿಸಿದ್ದ. ಈಗ ಹೋಗಿ ನಿಂತರೆ, ಕಲ್ಲೇ ಇಲ್ಲ; ಆ ಕೋಣೆ ಸೌದೆ ತುಂಬುತ್ತಿದ್ದ ಉಗ್ರಾಣ, ಅಲ್ಲಿ ಯಾರೂ ಒಲೆ ಹಚ್ಚಿದವರೇ ಇಲ್ಲ ಎನ್ನುತ್ತಾನೆ. ಅಕ್ಕಪಕ್ಕದವರಿಗೆ ಅವನ ಹೋಟೆಲಿನ ಉದ್ರಿ ಊಟ ಬೇಕು; ಬಾಯಿ ಬಿಡುವುದಿಲ್ಲ.

"ಉಗ್ರಾಣದಲ್ಲಿ ಯಾರಾದರೂ ಕಡೆಯುವ ಕಲ್ಲು ಹುಗೀತಾರಾ? ಅದೊಂದೇ ನನ್ನ ಸಾಕ್ಷಿ."

"ಮಡಿಲಾಗ ಏನೈತಿ?"

ಶೀಲಾವತಿ ಸುತ್ತಿದ್ದ ಸೀರೆಯ ತುಂಡನ್ನು ಬಿಡಿಸಿದಳು. ಕರಿಕಲ್ಲಿನ ಗುಂಡು, ತುದಿ ಸವೆದು ಮಿರುಗುತ್ತಿತ್ತು. "ಅಜ್ಜಿ ಹೇಳ್ತಿದ್ರು, ತಿರುಗಿ ಬರುವ ಮನೆಯಾದ್ರೆ ಕಲ್ಲು ಬಿಟ್ಟು ಗುಂಡು ಕೊಂಡುಹೋಗ್ಬೇಕು ಅಂತ. ಕೊಂಡುಹೋದೆ."

ಸಿದ್ದರಾಮಪ್ಪ ಎಫ್.ಐ.ಆರ್. ಬರೆದ.

ಮಧ್ಯಾಹ್ನ ಸ್ಥಳ ಪಂಚನಾಮೆ. ಹಿಂದಿನ ಕೋಣೆಗೆ ಹೊಸ ಸಿಮೆಂಟು, ಹೊಸ ಸುಣ್ಣ. ಹೊಗೆಯ ಕಲೆ ಕೂಡ ಉಳಿದಿರಲಿಲ್ಲ. ದಾನಪ್ಪ ಲಾಠಿಯಿಂದ ನೆಲ ಕುಟ್ಟುತ್ತ ಮೂಲೆ ಮೂಲೆ ತಿರುಗಿದ. ಗಾರೆ ಕೆಲಸದ ದೂಜ ಕರಣೆ ತೊಳೆಯುತ್ತ ನಿಂತಿದ್ದ.

"ಹಳೇ ನೆಲ ಒಡೆದಾಂವ ಯಾರು?"

"ನಾನೇ ಸಾಬ್."

"ಕಲ್ಲು ಇತ್ತೇನು?"

"ಸೇಟ್ ಹೇಳಿದ ಕೆಲಸ ಮಾಡೂದು. ಬೇರೆಂತ ನಾನು ನೋಡೂದಿಲ್ಲ." ತೊಳೆದ ಕರಣೆಯನ್ನೇ ಮತ್ತೆ ತೊಳೆದ.

ಆ ಸಂಜೆ ಮುಲುಂಡಿನ ಚಾಳಿಗೆ ಮರಳಿದರೂ ಸಿದ್ದರಾಮಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅವನ ಮನೆಯ ಮಾಲಕನೂ ದೀಪಾವಳಿಗೆ ರಿಪೇರಿ, ಸ್ವಲ್ಪ ದಿನ ಖಾಲಿ ಮಾಡಿ ಎಂದಿದ್ದ.

"ತಿರುಗಿ ಬರಾಕ ಬಿಡ್ತಾರಂತೀರೇನ್ರಿ?" ಹೆಂಡತಿ ಚಂದ್ರವ್ವ ರೊಟ್ಟಿ ತಟ್ಟುತ್ತ ಕೇಳಿದಳು.

ಅವನು ಅಂಗಿ ತೊಟ್ಟು ಮತ್ತೆ ಹೊರಗೆ ನಡೆದ. ರೈಲ್ವೆ ಸ್ಟೇಷನ್ನಿನ ತನಕ ಹೋಗಿ ಸುಮ್ಮನೆ ಮರಳಿದ.

ಮೂರನೆಯ ದಿನ ದಾನಪ್ಪ ಕೆನ್ನೆ ಹಿಡಿದುಕೊಂಡು ಬಂದ. "ಸಾಹೇಬ್ರ, ರಮಾನಾಥನ ಹೋಟೆಲಿನ್ಯಾಗ ದ್ವಾಸಿ ತಿಂದೆ. ಮರಳೋ ಮರಳು! ಹಲ್ಲು ಉಳಿದದ್ದ ಪುಣ್ಯ."

ಸಿದ್ದರಾಮಪ್ಪನ ಕಿವಿಯಲ್ಲಿ ಎಂದಿನದೋ ಒಂದು ಬೆಳಗು ತಿರುಗಿತು. ಅವ್ವ ಬೀಸುಕಲ್ಲಿಗೆ ಕೈಮುಗಿದು, ಹಾಡು ಎತ್ತಿಕೊಂಡು ಜೋಳ ಸುರಿಯುವಳು. ಕಲ್ಲಿಗೆ ಹೊಸದಾಗಿ ಉಳಿಪೆಟ್ಟು ಹಾಕಿಸಿದ ದಿನ ಮಾತ್ರ ಹಾಡು ಅಲ್ಲಲ್ಲಿ ತಡವರಿಸುತ್ತಿತ್ತು. ಕಲ್ಲು ಕರಕರ ಎನ್ನುತ್ತಿತ್ತು. ಮೊದಲ ಹಿಟ್ಟನ್ನು ಅವಳು ಎಮ್ಮೆಗೆ ಹಾಕುವಳು, ಮರಳು ಇರುತ್ತದೆಂದು. ಇಷ್ಟು ವರ್ಷ ನಡೆದ ಹೋಟೆಲಿನಲ್ಲಿ ಈಗ ಮರಳು ಎಲ್ಲಿಂದ ಬಂತು? ಗುಂಡಿಲ್ಲದ ಕಲ್ಲೊಂದು ಬಂದು, ಅದಕ್ಕೆ ಹೊಸ ಗುಂಡು ಮಾಡಿಸಿರಬೇಕು.

"ಇಬ್ಬರು ಪಂಚರನ್ನ ಕರಿ. ಆ ಅಕ್ಕನ್ನೂ. ಗುಂಡು ತರಲಿ."

ಹೋಟೆಲಿನ ಅಡಿಗೆಮನೆಯಲ್ಲಿ ರುಬ್ಬುವ ಕಲ್ಲು ಮೂರಿದ್ದವು. ರಮಾನಾಥ ಪಂಚೆ ಎತ್ತಿ ಕಟ್ಟಿ ಅಡ್ಡ ಬಂದ. "ಎಂತ ಸಾಹೇಬ್ರೇ, ಕಾಪಿ ಕುಡಿದು ಮಾತಾಡುವ. ಕಲ್ಲಿನಲ್ಲಿ ಹೆಸರು ಬರೆದುಂಟಾ? ಎಲ್ಲ ಕಲ್ಲೂ ಒಂದೇ."

"ಒಂದ ಆದ್ರ ಚಲೋ ಆತಲ್ಲ. ಸರೀರಿ."

ಶೀಲಾವತಿ ಸೆರಗು ಸಿಕ್ಕಿಸಿ ಕುಳಿತಳು. ಮೊದಲನೆಯ ಕಲ್ಲಿನಲ್ಲಿ ಅವಳ ಗುಂಡು ಬಾಯಿಗೇ ಸಿಕ್ಕಿಕೊಂಡಿತು. ಎರಡನೆಯದರಲ್ಲಿ ಕುಣಿಯಿತು, ಬದಿಗೆ ಬಡಿಯಿತು. ಮೂರನೆಯದರ ಸುತ್ತ ಸಿಮೆಂಟು ಹೊಸದು, ಇನ್ನೂ ಬೂದುಬಣ್ಣದ್ದು. ಅದರ ಮೇಲಿದ್ದ ಹೊಸ ಗುಂಡನ್ನು ತೆಗೆದು ತನ್ನದನ್ನು ಇಳಿಸಿದಳು. ನೆನೆದ ಅಕ್ಕಿ ಒಂದು ಹಿಡಿ ಹಾಕಿ ತಿರುಗಿಸಿದಳು.

ಕರಕರ ಇಲ್ಲ. ಬಟ್ಟೆ ಸರಿದ ಹಾಗೆ ಒಂದೇ ಸಮನೆ ಸದ್ದು. ಸಿದ್ದರಾಮಪ್ಪ ಕಣ್ಣು ಮುಚ್ಚಿ ಕೇಳಿದ. ಪಂಚರು ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದರು, ಬೆಣ್ಣೆ.

ಬಾಗಿಲಲ್ಲಿ ನಿಂತಿದ್ದ ದೂಜ ತಾನಾಗಿಯೇ ಬಾಯಿಬಿಟ್ಟ. "ಕಿತ್ತದ್ದು ನಾನು ಸಾಬ್. ಕೈಗಾಡಿಯಲ್ಲಿ ತಂದದ್ದೂ ನಾನೇ. ಸೇಟ್ ಹೇಳಿದ್ರು."

ಪಂಚನಾಮೆಗೆ ಸಹಿಯಾಯಿತು. ಕಳವಿನ ಆರೋಪದ ಮೇಲೆ ರಮಾನಾಥನ ಬಂಧನವಾದಾಗ ಸಂಜೆ ನಾಲ್ಕು.

"ಒಂದು ಮಾತು ಹೇಳ್ರಿ," ಸಿದ್ದರಾಮಪ್ಪ ಕೇಳಿದ. "ಸುತ್ತಿಗಿ ತಗೊಂಡು ಒಡೆದಿದ್ರ ನಮಗೇನೂ ಸಿಗ್ತಿರಲಿಲ್ಲ. ಯಾಕ ಒಡೀಲಿಲ್ಲ?"

"ಕಡೆಯುವ ಕಲ್ಲನ್ನಾ?" ರಮಾನಾಥ ಬೆಚ್ಚಿದ. "ಬಿಡ್ತು ಅನ್ನಿ. ಬೊಂಬಾಯಿಗೆ ಬಂದಾಗ ನನಗೆ ಮಲಗಲಿಕ್ಕೆ ಜಾಗ ಕೊಟ್ಟದ್ದು ಒಂದು ಹೋಟೆಲಿನ ಕಲ್ಲಿನ ಬದಿ. ಎಷ್ಟೋ ವರ್ಷ ಅದಕ್ಕೆ ಬೆನ್ನು ಕೊಟ್ಟು ಮಲಗಿದೆ. ಒಂದು ಮನೆ, ಯಾರೂ ಏಳು ಅಂತ ಹೇಳದ ಮನೆ ಬೇಕಿತ್ತು. ಸಿಕ್ಕಿದ ಮೇಲೆ, ಅದರಲ್ಲಿ ಇನ್ನೊಬ್ಬರ ಹಕ್ಕು ಉಂಟು ಅಂದ್ರೆ ನಿದ್ದೆಯೇ ಬರಲಿಲ್ಲ."

ಹೊರಗೆ ಮೊದಲ ಹನಿಗಳು ತಗಡಿನ ಮೇಲೆ ಬಿದ್ದವು. ಠಾಣೆಗೆ ಹೊರಡುವ ಮುನ್ನ ರಮಾನಾಥ ಶೀಲಾವತಿಯ ಕಡೆ ತಿರುಗಿ ಕೈಮುಗಿದ.

"ಅಕ್ಕ, ದೂರು ಹಿಂದೆ ತಗೊಳ್ಳಿ. ಕಲ್ಲನ್ನು ನಾನೇ ಮಲಾಡಿಗೆ ಮುಟ್ಟಿಸ್ತೇನೆ. ಅಲ್ಲೇ ಹುಗಿಸಿಕೊಡ್ತೇನೆ."

ಶೀಲಾವತಿ ಗುಂಡನ್ನು ತೊಳೆದು, ಒರೆಸಿ, ಮತ್ತೆ ಬಟ್ಟೆಯಲ್ಲಿ ಸುತ್ತಿದಳು.

"ಆಗೂದಿಲ್ಲ ರಮಾನಾಥಣ್ಣ. ಅದು ಪಾರ್ಲೆಯ ಕೋಣೆಗೇ ಹೋಗ್ಬೇಕು. ನಾನೂ."