ಕೇಬಲ್ ಕಿತ್ತ ಮೇಲೆ ಬಂದ ಉತ್ತರ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅವತ್ತು ರಜೆ, ಸರ್ವರ್ ರೂಮಿನಲ್ಲಿ ನಾನೊಬ್ಬನೇ. ಲ್ಯಾಪ್‌ಟಾಪಿನಿಂದ ಮಾಹಿತಿಯ ಸಣ್ಣ ಪ್ಯಾಕೆಟ್ ಕಳಿಸಿದರೆ ಸರ್ವರ್ ಸಲೀಸಾಗಿ ಓಡುತ್ತಿತ್ತು. ದೊಡ್ಡವನ್ನು ಒಟ್ಟಿಗೆ ಸುರಿದರೆ ಮಾತ್ರ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು. ಪರೀಕ್ಷೆಯ ಪ್ಯಾಕೆಟ್‌ನಲ್ಲಿ ಏನು ತುಂಬಿದರೂ ಸರಿ, ಅದೇ ವಾಪಸು ಬರಬೇಕು. ಎಲ್ಲರೂ ಎಬಿಸಿಡಿ ತುಂಬುತ್ತಾರೆ. ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲವಲ್ಲ, ನಾನು ‘ಊಟ ಆಯ್ತಾ?’ ಎಂದು ತುಂಬಿ ಸಾಲುಸಾಲಾಗಿ ಕಳಿಸಿದೆ.

ಸರ್ವರ್ ನಿಂತಿತು. ಫ್ಯಾನಿನ ಸದ್ದೂ ಅಡಗಿತು. ಚಳಿ ಕೊರೆಯುವ ಆ ರೂಮಿನಲ್ಲಿ, ಯಾರೋ ಒತ್ತಿ ಕೂತ ಹಾಗೆ ನನ್ನ ಒಂದು ಭುಜ ಮಾತ್ರ ಬೆಚ್ಚಗಾಯಿತು.

ಮೇಲಧಿಕಾರಿಗೆ ಫೋನ್ ಮಾಡಿದೆ. ಅವರ ಹಿಂದೆ ಮಕ್ಕಳ ಗಲಾಟೆ. “ಕೇಬಲ್ ಕಿತ್ತಿಟ್ಟು ಮನೆಗೆ ಹೋಗಪ್ಪಾ, ನಾಳೆ ನೋಡೋಣ” ಎಂದರು.

ಸರ್ವರಿನಿಂದ ಲ್ಯಾಪ್‌ಟಾಪಿಗೆ ಬರುತ್ತಿದ್ದ ಕೇಬಲ್ ಕಿತ್ತೆ. ಕೇಬಲ್ ಇನ್ನೂ ಕೈಯಲ್ಲಿರುವಾಗಲೇ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಉತ್ತರ ಮೂಡಿತು: ‘ಇನ್ನೂ ಇಲ್ಲ. ನೀನೂ ಬರಲಿ ಅಂತ ಕಾಯ್ತಿದ್ದೆ.’

ಬೆಳಗ್ಗೆಯಿಂದ ಆ ಚಳಿಯಲ್ಲೇ ಇದ್ದ ನನ್ನ ಊಟದ ಡಬ್ಬಿ ಮುಟ್ಟಿದರೆ, ಬಿಸಿಯಿತ್ತು.

ಮರುದಿನ ನೆಟ್‌ವರ್ಕ್ ಕಾರ್ಡ್ ಬದಲಾಯಿಸಿದರು. ಸರ್ವರ್ ಮತ್ತೆ ನಿಂತಿಲ್ಲ. ರಜೆಯ ದಿನ ಒಬ್ಬನೇ ಇದ್ದಾಗ ಈಗಲೂ ಅದನ್ನೇ ಕೇಳಿ ನೋಡುತ್ತೇನೆ. ನನ್ನ ಪ್ರಶ್ನೆಯೇ ನನಗೆ ವಾಪಸು ಬರುತ್ತದೆ.