ಇಪ್ಪತ್ತರವರೆಗೆ ಎಣಿಸುವವನು

ಮರದ ಸೇತುವೆಯ ನಟ್ಟನಡುವೆ ಅವಳು ಕಲ್ಲಾಗಿ ನಿಂತುಬಿಟ್ಟಿದ್ದಳು.

ಹಿಂದೆ ನಾಲ್ಕು ಜನ ಆಟಗಾರರು. ಮುಂದೆ ಗುಹೆ, ಒಳಗೆ ಅವರೆಲ್ಲ ಸೇರಿ ಹೊಡೆಯಬೇಕಾದ ಮೃಗ. ಒಬ್ಬರು ನಿಂತರೆ ಇನ್ನೊಬ್ಬರು ದಾಟಲಾಗದಷ್ಟು ಇಕ್ಕಟ್ಟಿನ ಸೇತುವೆ ಅದು. ಅವಳ ಪರದೆ ಮಾತ್ರ ಗೋಡೆಗೆ ಹಾಕಿದ ಪಟದ ಹಾಗೆ ಅಲ್ಲಾಡದೆ ಕೂತಿತ್ತು. ಮೌಸ್ ಎಳೆದರೂ ಇಲ್ಲ, ಕೀಲಿ ಕುಟ್ಟಿದರೂ ಇಲ್ಲ...

ಕೊನೆಗೂ ಪರದೆಗೆ ಜೀವ ಬಂದಾಗ ಬೈಗುಳಗಳೆಲ್ಲ ಒಟ್ಟಿಗೇ ಉದುರಿದವು. ಇಂಥ ಡಬ್ಬಾ ಇಟ್ಟುಕೊಂಡು ಯಾಕೆ ಆಡೋಕೆ ಬರ್ತೀಯ ಅಂದಿದ್ದ ಒಬ್ಬ. ಗುಜರಿಗೆ ಹಾಕು ಅಂದಿದ್ದ ಇನ್ನೊಬ್ಬ. ಮೂವರು ಆಗಲೇ ತಂಡ ಬಿಟ್ಟು ಹೋಗಿದ್ದರು. ನಾಲ್ಕನೆಯವನು ಮಾತ್ರ ಸೇತುವೆಯ ಮೇಲೆ, ಅವಳ ಪಕ್ಕದಲ್ಲೇ, ಕಾಲು ಇಳಿಬಿಟ್ಟು ಕೂತಿದ್ದ.

‘ಬಂದ್ರಾ?’ ಎಂದು ಬರೆದ.

‘ಕ್ಷಮಿಸಿ. ನನ್ನ ಕಂಪ್ಯೂಟರ್ ಹಳೇದು. ನೀವೂ ಹೋಗಿ.’

‘ಅವಸರ ಏನಿಲ್ಲ. ಇಪ್ಪತ್ತು ಎಣಿಸ್ತಾ ಕೂತಿದ್ದೆ. ಹದಿನೇಳಕ್ಕೆ ಬಂದ್ರಿ.’

ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು.

ಹೋಟೆಲುಗಳ ಬೆಡ್‌ಶೀಟ್ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಒದ್ದೆ ಬಟ್ಟೆಯ ಎರಡು ಮೂಲೆ ಹಿಡಿದು ಕಾದ ಇಸ್ತ್ರಿ ಉರುಳೆಯ ಬಾಯಿಗೆ ಕೊಡುವುದು, ಇನ್ನೊಂದು ಹಿಡಿಯುವುದು, ಕೊಡುವುದು. ಎಂಟು ಗಂಟೆ ನಿಂತೇ. ಸಂಜೆ ಮನೆಗೆ ಬಂದರೆ ಎರಡು ಕೋಣೆ, ಮಂಡಿನೋವಿನ ಅಮ್ಮ, ಮತ್ತು ಭಾವ ತನ್ನ ಆಫೀಸಿನವರು ಎಸೆಯುತ್ತಿದ್ದುದನ್ನು ಹೊತ್ತು ತಂದುಕೊಟ್ಟ ಕಂಪ್ಯೂಟರ್. ಅದರ ಪಕ್ಕದ ತಗಡು ಬಿಚ್ಚಿ, ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೇ ತಿರುಗಿಸಿಟ್ಟರೆ ಒಂದು ಗಂಟೆ ನಡೆಯುತ್ತಿತ್ತು.

‘ಮನುಷ್ಯರಿಗೆ ಸೆಖೆ, ಡಬ್ಬಕ್ಕೆ ಗಾಳಿ’ ಎಂದು ಅಮ್ಮ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದಳು. ಆದರೆ ಫ್ಯಾನ್ ಮಾತ್ರ ತಿರುಗಿಸುತ್ತಿರಲಿಲ್ಲ. ಮಗಳ ಮುಖದಲ್ಲಿ ದಿನಕ್ಕೊಮ್ಮೆ ನಗು ಬರುವುದು ಯಾವ ಹೊತ್ತಿಗೆ ಎಂದು ಹೆತ್ತವಳಿಗೆ ಗೊತ್ತಿರುವುದಿಲ್ಲವೇ?

ಆಟ ಓಡಬೇಕೆಂದರೆ ಅದರ ಅಂದಚಂದವನ್ನೆಲ್ಲ ಆಫ್ ಮಾಡಿಡಬೇಕಿತ್ತು. ನೆರಳು, ಹುಲ್ಲು, ಹೂವು, ನೀರಿನ ಹೊಳಪು ಎಲ್ಲವನ್ನೂ. ಎರಡು ವರ್ಷ ಬೋಳು ನೆಲದ ಮೇಲೇ ಆಡಿ ಆಡಿ, ಈ ಆಟದಲ್ಲಿ ಹೂವು ಅನ್ನುವುದಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಸೇತುವೆಯ ಮೇಲೆ ಕಾದವನ ಜೊತೆ ಆಮೇಲೆ ದಿನವೂ ಆಡುತ್ತಿದ್ದರೂ ಅವನಿಗೂ ಅದನ್ನು ಹೇಳಿರಲಿಲ್ಲ. ಕಂಪ್ಯೂಟರ್ ನಿಧಾನ ಅಂದದ್ದೇ ಸಾಕು, ಇಲ್ಲದ್ದನ್ನೆಲ್ಲ ಪಟ್ಟಿ ಮಾಡಿ ಹೇಳುವುದೇನು?

ಆಟದಲ್ಲಿ ಅವಳ ಹೆಸರು ಆಮೆ. ಅವನದು ಮೆಟ್ಟಿಲು. ಲಿಫ್ಟ್ ರಿಪೇರಿಯವನಿಗೆ ಮೆಟ್ಟಿಲು ಎಂಬ ಹೆಸರೇ ಎಂದು ಕೇಳಿದ್ದಕ್ಕೆ, ಲಿಫ್ಟ್ ಕೆಟ್ಟುನಿಂತ ಕಟ್ಟಡಕ್ಕೇ ತಾನೇ ನನ್ನನ್ನು ಕರೆಯುವುದು, ಹತ್ತುವುದು ಇನ್ನೇನನ್ನು ಎಂದಿದ್ದ. ಇಬ್ಬರದೂ ಒಂದೇ ಊರು ಎಂದು ತಿಳಿದದ್ದು, ಒಂದು ಸಂಜೆ ಇಬ್ಬರ ಮನೆಯಲ್ಲೂ ಒಟ್ಟಿಗೇ ಕರೆಂಟ್ ಹೋಗಿ ಒಟ್ಟಿಗೇ ಬಂದಾಗ. ಮೈಕ್ ಹಾಕಿದರೆ ಆಟವೇ ನಿಲ್ಲುತ್ತಿದ್ದುದರಿಂದ ಒಬ್ಬರ ದನಿ ಒಬ್ಬರು ಕೇಳಿದವರಲ್ಲ. ಅವಳ ಉತ್ತರ ಅರ್ಧ ನಿಮಿಷ ತಡವಾಗಿ ಬರುತ್ತಿತ್ತು. ಅವನು ಪ್ರತಿಸಲವೂ ಇಪ್ಪತ್ತು ಎಣಿಸುತ್ತಿದ್ದ. ಎಂಟು ತಿಂಗಳಲ್ಲಿ ಒಮ್ಮೆಯೂ ಅವಳನ್ನು ಬಿಟ್ಟು ಮುಂದೆ ಹೋದವನಲ್ಲ.

ಕಾಯುವವರೊಬ್ಬರು ಇದ್ದಾರೆ ಅನ್ನುವುದು ದಣಿದ ಜೀವಕ್ಕೆ ಎಷ್ಟು ದೊಡ್ಡ ಮಾತು!

ಹೀಗೇ ಒಂದು ಸಂಜೆ, ಲಾಂಡ್ರಿಯಲ್ಲಿ ಜೊತೆಯವಳು ರಜೆ ಹಾಕಿದ್ದರಿಂದ, ಇಬ್ಬರ ಕೆಲಸ ಒಬ್ಬಳೇ ಮಾಡಿ ಬಂದಿದ್ದಳು. ಬೆರಳು ಸುಟ್ಟಿತ್ತು, ಪಾದ ಊದಿತ್ತು. ಕಂಪ್ಯೂಟರ್ ಹಾಕುತ್ತಲೇ ಅವನ ಕರೆ ಕಾದಿತ್ತು. ನಿಮ್ಮ ಗುಡ್ಡಕ್ಕೆ ಬನ್ನಿ, ಒಂದು ತೋರಿಸಬೇಕು.

ಆಟದಲ್ಲಿ ಪ್ರತಿಯೊಬ್ಬರಿಗೂ ಒಂದು ತುಂಡು ನೆಲ ಇರುತ್ತದೆ. ಅವಳದು ಗುಡ್ಡ. ಹತ್ತಿ ನಿಂತು ಸುತ್ತ ನೋಡಿದಳು. ಬೋಳು ಮಣ್ಣು, ಅದರ ಮೇಲೆ ಅವನು.

‘ಇಲ್ಲಿ ಏನೂ ಇಲ್ಲವಲ್ಲ’ ಎಂದು ಬರೆದಳು.

‘ಸರಿಯಾಗಿ ನೋಡಿ. ಉತ್ತರಕ್ಕೆ ಅವಸರ ಇಲ್ಲ.’

ತಮಾಷೆ ಮಾಡುತ್ತಿದ್ದಾನೆ... ಇವತ್ತೇ ಬೇಕಿತ್ತಾ ಇದು? ಸುಟ್ಟ ಬೆರಳಿನಿಂದಲೇ ಟೈಪ್ ಮಾಡಿದಳು.

‘ನೋಡಿದೆ. ನನಗೆ ಇಲ್ಲಿ ಏನೂ ಕಾಣ್ತಿಲ್ಲ. ತುಂಬಾ ಸುಸ್ತಾಗಿದೆ, ಇಂಥದ್ದಕ್ಕೆಲ್ಲ ಕರೀಬೇಡಿ.’

ಕಳಿಸಿದ ಮರುಗಳಿಗೆ ಕಂಪ್ಯೂಟರ್ ಟಕ್ಕೆಂದು ಸತ್ತಿತು. ಸುಟ್ಟ ವಾಸನೆ ಕೋಣೆ ತುಂಬಿತು.

ಆ ಕಡೆ ಅವನು ಇಪ್ಪತ್ತು ಎಣಿಸಿದ. ಆಮೇಲೆ ಇನ್ನೊಂದು ಇಪ್ಪತ್ತು. ಆಮೇಲೆ ಎಣಿಸುವುದನ್ನೇ ಬಿಟ್ಟು ಸುಮ್ಮನೆ ಕೂತ.

ರಿಪೇರಿ ಅಂಗಡಿಗೆ ಹೋಗಲು ಅವಳಿಗೆ ಬಿಡುವಾದದ್ದು ಆರನೆಯ ದಿನ, ಶುಕ್ರವಾರ. ದಪ್ಪ ಕನ್ನಡಕ ಹಾಕಿದ್ದ ಅಂಗಡಿಯಾತ ಕಂಪ್ಯೂಟರಿನ ಹೊಟ್ಟೆಯೊಳಗಿನ ಧೂಳು ನೋಡಿ ಇದು ಇಷ್ಟು ದಿನ ಬದುಕಿದ್ದೇ ಹೆಚ್ಚು ಎಂದ, ಸೋಮವಾರ ಬನ್ನಿ ಎಂದ. ಅವಳು ಆತನ ಮೇಜಿನ ಮೇಲಿದ್ದ ಹೊಸ ಕಂಪ್ಯೂಟರ್ ತೋರಿಸಿ, ಒಂದು ಆಟವಿದೆ, ಅದರಲ್ಲಿ ಒಬ್ಬರಿಗೆ ವಿಷಯ ತಿಳಿಸಬೇಕು, ಹತ್ತು ನಿಮಿಷ ಕೊಡ್ತೀರಾ ಎಂದು ಕೇಳಿಕೊಂಡಳು. ಆತ ಕುರ್ಚಿ ಬಿಟ್ಟುಕೊಟ್ಟ.

ಆಟ ತೆರೆಯಿತು. ಅವಳು ನಿಂತಲ್ಲೇ ನಿಂತಿದ್ದಳು, ಗುಡ್ಡದ ಮೇಲೆ.

ಗುಡ್ಡದ ತುಂಬ ಹೂವು.

ಹಳದಿ ಹೂವು, ಸಾಲು ಸಾಲಾಗಿ, ಅಕ್ಷರ ಅಕ್ಷರವಾಗಿ ನೆಟ್ಟದ್ದು. ‘ಆಮೆ, ಜೊತೆಗಿರೋಣವಾ?’ ಎಂದು ಬರೆದಿತ್ತು. ಎಷ್ಟು ಸಂಜೆ ಕೂತು ನೆಟ್ಟಿದ್ದನೋ! ಅದರ ನಡುವೆ ನಿಂತು ತಾನು ಹೇಳಿದ್ದೇನು? ಇಲ್ಲಿ ಏನೂ ಇಲ್ಲ...

ಆಮೇಲೆ ಮರೆತಿದ್ದ ಇನ್ನೊಂದು ನೆನಪಾಯಿತು. ಈ ಆಟದಲ್ಲಿ ಎರಡು ದಿನ ನೀರು ಹಾಕದಿದ್ದರೆ ಹೂವು ಒಣಗುತ್ತದೆ. ಇವತ್ತಿಗೆ ಆರು ದಿನ. ಹೂವೆಲ್ಲ ತಾಜಾ ಇತ್ತು, ಬುಡದ ಮಣ್ಣು ಒದ್ದೆಯಾಗಿತ್ತು. ಬೇಡ ಅನ್ನಿಸಿಕೊಂಡವನು ಬಂದು ನೀರು ಹಾಕಿ ಹೋಗುತ್ತಿದ್ದ.

‘ಧೂಳು ಕಣ್ಣಿಗೆ ಹೋಯ್ತೇನಮ್ಮ?’ ಎಂದ ಅಂಗಡಿಯಾತ.

‘ಹೂಂ’ ಎಂದಳು, ದುಪಟ್ಟಾದಲ್ಲಿ ಮುಖ ಒರೆಸಿಕೊಳ್ಳುತ್ತ.

ಆಟದಲ್ಲೇ ಅವನಿಗೊಂದು ಓಲೆ ಬರೆದಿಟ್ಟಳು. ತನ್ನ ಪರದೆಯಲ್ಲಿ ಹೂವೇ ಕಾಣುವುದಿಲ್ಲವೆಂದು, ಯಾಕೆಂದು, ಯಾಕೆ ಹೇಳಿರಲಿಲ್ಲವೆಂದು. ಕೊನೆಗೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಾರ್ಕಿನ ಗಡಿಯಾರದ ಕೆಳಗೆ ಇರುತ್ತೇನೆ ಎಂದು. ಅಂಗಡಿ ಬಾಗಿಲು ಹಾಕುವವರೆಗೂ ಕಾದಳು. ಉತ್ತರ ಬರಲಿಲ್ಲ.

ಭಾನುವಾರ ಹತ್ತಾಯಿತು. ಹತ್ತೂಕಾಲಾಯಿತು.

ಓಲೆ ನೋಡಿಲ್ಲವೇನೋ. ನೋಡಿಯೂ ಸಾಕು ಅನ್ನಿಸಿತೇನೋ... ಆದರೂ ಅವಳು ಏಳಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ಇಪ್ಪತ್ತು ಎಣಿಸಿದಳು. ಮತ್ತೆ ಇಪ್ಪತ್ತು. ಹಾಗೆ ಎಷ್ಟು ಇಪ್ಪತ್ತುಗಳೋ! ಅವನು ಎಂಟು ತಿಂಗಳು ಮಾಡಿದ್ದು ಇದನ್ನೇ ಎಂದು ಆಗ ಅವಳಿಗೆ ಅರ್ಥವಾಯಿತು.

ಹತ್ತೂ ಮುಕ್ಕಾಲಿಗೆ ಒಬ್ಬ ಗೇಟಿನಿಂದ ಓಡುತ್ತ ಬಂದ. ಅಂಗಿಯ ತೋಳಿಗೆಲ್ಲ ಗ್ರೀಸು, ಕೈಯಲ್ಲಿ ಸ್ಪ್ಯಾನರಿನ ಚೀಲ. ಗಡಿಯಾರದ ಕೆಳಗೆ ನಿಂತು ಏದುಸಿರು ಬಿಡುತ್ತ ಅತ್ತಿತ್ತ ನೋಡಿದ. ಅವಳು ಮೆಲ್ಲಗೆ ಎದ್ದು ನಿಂತಳು.

‘ಮೆಟ್ಟಿಲು?’

‘ಒಂಬತ್ತನೇ ಮಹಡಿ’ ಎಂದ ಅವನು. ‘ಲಿಫ್ಟಲ್ಲಿ ಒಬ್ಬ ಅಜ್ಜಿ ಸಿಕ್ಕಿಹಾಕಿಕೊಂಡಿದ್ರು. ಬಿಟ್ಟು ಬರೋಕೆ ಆಗ್ಲಿಲ್ಲ. ಹೋಗಿಬಿಟ್ಟಿರ್ತೀರಿ ಅಂದ್ಕೊಂಡೆ.’

‘ಎಣಿಸ್ತಾ ಕೂತಿದ್ದೆ’ ಎಂದಳು.

ಇಬ್ಬರೂ ಬೆಂಚಿನ ಮೇಲೆ ಕೂತರು. ಅವನ ಉಸಿರು ಮೆಲ್ಲಗೆ ತಹಬಂದಿಗೆ ಬಂತು. ಅವನ ಕಣ್ಣು ಅವಳ ಬೆರಳಿನ ಪಟ್ಟಿಯ ಮೇಲೆ ಬಿತ್ತು.

‘ಆರು ದಿನ ಯಾಕೆ ನೀರು ಹಾಕಿದ್ರಿ?’ ಎಂದು ಅವಳೇ ಕೇಳಿದಳು.

‘ನಿಮ್ಮ ಉತ್ತರ ಯಾವತ್ತೂ ತಡವಾಗೇ ಬರೋದಲ್ವಾ?’

ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

‘ಹೂವಲ್ಲಿ ಬೇಡ, ಬಾಯಲ್ಲೇ ಕೇಳ್ತೀನಿ. ಜೊತೆಗಿರೋಣವಾ?’

ಅಭ್ಯಾಸ ಬಿಡುತ್ತದೆಯೇ! ಕೇಳಿದ್ದೇ ತಲೆ ತಗ್ಗಿಸಿ ಎಣಿಸಲು ಶುರು ಮಾಡಿದ. ‘ಒಂದು... ಎರಡು...’

‘ಹೂಂ’ ಎಂದಳು ಅವಳು.

ಅವನು ಬೆರಗಾಗಿ ತಲೆಯೆತ್ತಿದ. ‘ಇಷ್ಟು ಬೇಗ?’

‘ನಿಧಾನ ಇದ್ದದ್ದು ಕಂಪ್ಯೂಟರ್’ ಎಂದಳು. ‘ನಾನಲ್ಲ.’