ಅಕ್ಕ ಕೊಟ್ಟ ಸಂಸಾರ

“ಮಗ ಥೇಟ್ ನಿನ್ನ ಹಂಗೇ ಐತಲ್ಲಮ್ಮ!” ಎಂದಳು ಹೂ ಮಾರುವ ಅಮೀನಾಬಿ, ನೀಲಮ್ಮನ ಸೊಂಟದ ಮೇಲಿದ್ದ ಬಸುವಿನ ಗಲ್ಲ ಹಿಂಡಿ. “ಮೂಗು ಮಾತ್ರ ಅಪ್ಪಂದು.”

ನೀಲಮ್ಮ ಬಾಯಿ ತೆರೆದಳು. ಇವನು ನನ್ನ ಮಗ ಅಲ್ಲ, ಅಕ್ಕನ ಮಗ. ಇವರು ನನ್ನ ಗಂಡ ಅಲ್ಲ, ಭಾವ. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿದ್ದ ಸದಾಶಿವಪ್ಪ ತನ್ನ ಮೂಗನ್ನೇ ಮುಟ್ಟಿ ನೋಡಿಕೊಂಡ. ಅವಳಿಗೆ ನಗು ಬಂತು. ಆ ನಗುವಿನಲ್ಲಿ ಹೇಳಬೇಕಾದ ಮಾತು ಜಾರಿಹೋಯಿತು.

“ಯಜಮಾನ್ರೇ, ಹೆಂಡ್ತಿಗೆ ಒಂದು ಮೊಳ ತಗೊಳ್ರೀ. ಇಷ್ಟು ಹೂವು ತೋರಿಸಿ ಬರಿದಲೇಲಿ ಮನೆಗೆ ಕರ್ಕೊಂಡು ಹೋಗ್ತೀರೇನು?”

“ತಗೋಬೇಕಾ?” ಎಂದ ಸದಾಶಿವಪ್ಪ. ಕೇಳಿದ್ದು ಅಮೀನಾಬಿಯನ್ನಲ್ಲ, ನೀಲಮ್ಮನನ್ನು.

“ನನ್ನ ಕೇಳಿದ್ರೆ? ದುಡ್ಡು ನಿಮ್ಮದು.”

“ತಲೆ ನಿನ್ನದಲ್ವಾ?”

ಅವಳು ಮುಖ ತಿರುಗಿಸಿಕೊಂಡಳು. ಕಿವಿ ಕೆಂಪಾದದ್ದು ಅವನಿಗೆ ಕಂಡೇ ಕಂಡಿತು.

ಅದು ಎಪ್ಪತ್ತಾರನೇ ಇಸವಿ, ಯುಗಾದಿಗೆ ಇನ್ನೂ ಕೆಲವು ದಿನ ಇತ್ತು. ಶಿಕಾರಿಪುರದ ಶಾಲೆ ಮೈದಾನದಲ್ಲಿ ಶಾಮಿಯಾನ ಹಾಕಿ ಹೂವಿನ ಪ್ರದರ್ಶನ ಇಟ್ಟಿದ್ದರು. ಬ್ಯಾನರಿನ ಮೇಲೆ ದೊಡ್ಡ ಹೆಸರೇನೋ ಇತ್ತು, ಊರಿನ ಬಾಯಲ್ಲಿ ಅದು ಹೂವಿನ ಹಬ್ಬ. ಚೆಂಡುಹೂವಿನ ಆನೆ, ಸೇವಂತಿಗೆಯ ನವಿಲು, ಸಾಲುಸಾಲು ಕುಂಡಗಳಲ್ಲಿ ಗುಲಾಬಿ. ಮಕ್ಕಳು ಹೂವಿಗಿಂತ ಹೆಚ್ಚಾಗಿ ಐಸ್‌ಕ್ಯಾಂಡಿ ಗಾಡಿಯನ್ನು ನೋಡುತ್ತಿದ್ದರು.

ಅಕ್ಕ ಲೋಕಮ್ಮನಿಗೆ ಕ್ಷಯ. ಬಸುವಿಗೆ ವರ್ಷ ತುಂಬುವ ಮೊದಲೇ ಅವಳನ್ನು ದೂರದ ಆಸ್ಪತ್ರೆಗೆ ಸೇರಿಸಿದ್ದರು. ಮಕ್ಕಳನ್ನು ನೋಡಿಕೊಳ್ಳಲು ನೀಲಮ್ಮ ಕುಪ್ಪಗಡ್ಡೆಯ ತವರಿನಿಂದ ಭಾವನ ಮನೆಗೆ ಬಂದಳು. ಹೋದ ಮಳೆಗಾಲದಲ್ಲಿ ಇಬ್ಬರೂ ಆಸ್ಪತ್ರೆಗೆ ಹೋದಾಗ ಲೋಕಮ್ಮ ಕಡ್ಡಿಯಂಥ ಕೈಯಿಂದ ತಂಗಿಯ ಕೈ ಹಿಡಿದು ಗಂಡನ ಕೈಯಲ್ಲಿ ಇಟ್ಟಿದ್ದಳು.

“ನಾನು ಎದ್ದು ಬರಲ್ಲ. ನನ್ನ ಮಕ್ಕಳು ಪರರ ಪಾಲಾಗೋದು ಬೇಡ. ನೀನೇ ಇವರನ್ನ ಮದುವೆ ಆಗು ನೀಲಿ, ನನ್ನ ಸಂಸಾರ ನಿಂಗೇ ಕೊಟ್ಟಿದೀನಿ. ಇನ್ನು ನನ್ನ ನೋಡೋಕೆ ಬರಬೇಡಿ ಇಬ್ಬರೂ. ಈ ಮುಖ ನಿಮ್ಮ ಕಣ್ಣಲ್ಲಿ ಉಳಿಯೋದು ಬೇಡ.”

ನೀಲಮ್ಮ ಅವತ್ತು ಕೈ ಕಿತ್ತುಕೊಂಡು ಅತ್ತಿದ್ದಳು. ಭಾವನನ್ನು ಹಾಗೆ ನೋಡಿದವಳೇ ಅಲ್ಲ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ಅವನು ಮನೆಗೆ ಬಂದರೆ ಔಷಧಿ ವಾಸನೆ, ಅಷ್ಟೇ ಗೊತ್ತಿತ್ತು. ಆಮೇಲೆ ಒಂದೊಂದೇ ತಿಂಗಳು ಕಳೆಯಿತು. ಬಸು ಮೊದಲ ಮಾತು ಕಲಿತು ಅವಳನ್ನೇ ‘ಅವ್ವ’ ಅಂದ. ಜ್ವರ ಬಂದ ಮಗುವಿನ ಎರಡು ಕಡೆ ಇಬ್ಬರೂ ಕೂತರು. ಅವನು ಊಟ ಮಾಡುವಾಗ ಅವಳು ಬಾಗಿಲಿಗೆ ಒರಗಿ ನಿಲ್ಲುವುದು ಅಭ್ಯಾಸವಾಯಿತು, ಅವಳು ಬಾಗಿಲಲ್ಲಿ ಇಲ್ಲದಿದ್ದರೆ ಅವನಿಗೆ ಊಟ ಸೇರದಂತಾಯಿತು. ಆಸ್ಪತ್ರೆಗೆ ಅಕ್ಕತಂಗಿಯರ ಅಣ್ಣ ಗುತ್ಯಪ್ಪ ಒಬ್ಬನೇ ಹೋಗಿ ಬರುತ್ತಿದ್ದ. ಕೇಳಿದರೆ, “ಹಂಗೇ ಇದಾಳೆ” ಅನ್ನುತ್ತಿದ್ದ.

ಗುಲಾಬಿಯ ಸಾಲಿನ ಹತ್ತಿರ ಬಸು ಕೈ ಚಾಚಿದ್ದು ಯಾರಿಗೂ ಕಾಣಲಿಲ್ಲ. ಕಂಡಾಗ ಎಲ್ಲಕ್ಕಿಂತ ದೊಡ್ಡ ಹೂವು ಅವನ ಮುಷ್ಟಿಯಲ್ಲಿತ್ತು.

“ಅಯ್ಯೋ, ತಾಳಗುಂದದಿಂದ ತಲೆ ಮೇಲೆ ಹೊತ್ತು ತಂದೀನಲ್ಲೋ ಮಾರಾಯ!” ಗಿಡದ ಒಡೆಯ ರಂಗಪ್ಪ ಓಡಿಬಂದ. “ಮಗೂನ ಹಿಡ್ಕೊಳ್ಳಾಕ ಆಗಲ್ವೇನ್ರೀ ನಿಮಗೆ?”

“ತಪ್ಪಾಯ್ತು ಸ್ವಾಮಿ, ನನ್ನ ಹೆಂಡ್ತಿ ಗಮನಿಸ್ಲಿಲ್ಲ” ಎಂದ ಸದಾಶಿವಪ್ಪ.

ಅಂದವನಿಗೆ ಅಂದಮೇಲೆ ಗೊತ್ತಾಯಿತು. ರಂಗಪ್ಪ ಗೊಣಗುತ್ತಾ ಹೋದ. ಅವರಿಬ್ಬರೂ ಅಲ್ಲೇ ನಿಂತರು. ಬಸುವಿನ ಅಕ್ಕ, ಆರು ವರ್ಷದ ಗೌರಿ, ಆನೆಯ ಸೊಂಡಿಲಿನ ಕೆಳಗೆ ನುಸುಳಿ ಆಡುತ್ತಿದ್ದಳು.

“ಬಾಯಿ ತಪ್ಪಿ ಬಂತು” ಎಂದ.

“ಹೂಂ.”

“ತಪ್ಪಿ ಬರಲಿಲ್ಲ ನೀಲಾ.”

ಅವಳು ಹೆಗಲ ಮೇಲೆ ನಿದ್ದೆ ಹೋಗುತ್ತಿದ್ದ ಬಸುವಿನ ಬೆನ್ನು ತಟ್ಟುತ್ತಲೇ ಇದ್ದಳು.

“ಅಕ್ಕ ಇನ್ನೂ ಇದ್ದಾಳೆ ಭಾವ.”

“ಅವಳೇ ಹೇಳಿದ್ದಲ್ವಾ?”

“ಅವಳು ಹೇಳಿದ್ದಕ್ಕೇನಾ ನಿಮಗೆ ನಾನು ಬೇಕಾಗಿರೋದು?”

“ಮೊದಲು ಹಂಗೇ ಅಂದ್ಕೊಂಡಿದ್ದೆ. ಈಗ ಅವಳು ಬೇಡ ಅಂದ್ರೂ ನೀನು ಬೇಕು.”

ಆ ಮಾತಿನಲ್ಲಿ ಎಷ್ಟು ಪಾಪ ಇತ್ತೋ ಅಷ್ಟೇ ಸುಖವೂ ಇತ್ತು. ನೀಲಮ್ಮ ಕಣ್ಣೆತ್ತಿ ಅವನನ್ನು ನೋಡಿದಳು. ಬಿಸಿಲಿಗೆ ಅವನ ಹುಬ್ಬಿನ ಮೇಲೆ ಬೆವರು ಸಾಲುಗಟ್ಟಿತ್ತು. ಸೆರಗಿನಿಂದ ಒರೆಸಬೇಕು ಅನ್ನಿಸಿತು. ಕೈ ಖಾಲಿ ಇರಲಿಲ್ಲ.

“ನನಗೂ” ಎಂದಳು.

ಅವನು ಹೋಗಿ ಅಮೀನಾಬಿಯಿಂದ ಒಂದು ಮೊಳ ಕನಕಾಂಬರ ತಂದ. ಶಾಮಿಯಾನದ ಹಿಂದೆ ಬೇವಿನ ಮರದ ಮರೆಯಲ್ಲಿ ಅವಳು ಬೆನ್ನು ತಿರುಗಿಸಿ ನಿಂತಳು. ದನಕ್ಕೆ ಒಂದೇ ಏಟಿಗೆ ಸೂಜಿ ಚುಚ್ಚುವವನಿಗೆ ಜಡೆಗೆ ಹೂ ಸಿಕ್ಕಿಸಲು ಮೂರು ಸಲ ಬೇಕಾಯಿತು.

“ಬೇಗ ಆಗಲಿ. ಗೌರಿ ಬರ್ತಾಳೆ” ಎಂದಳು.

“ಬರಲಿ ಬಿಡು.”

ಗೌರಿ ಆಗಲೇ ಬಂದಿದ್ದಳು. ಎರಡು ಹೆಜ್ಜೆ ಆಚೆ, ಬಾಯಲ್ಲಿ ಐಸ್‌ಕ್ಯಾಂಡಿ ಕಡ್ಡಿ ಇಟ್ಟುಕೊಂಡು ನೋಡುತ್ತಾ ನಿಂತಿದ್ದಳು.

ಸಂಜೆ ಮನೆ ಹತ್ತಿರ ಬಂದಾಗ ಜಗಲಿಯ ಮೇಲೆ ಯಾರೋ ಕೂತಿದ್ದರು. ಪಕ್ಕದಲ್ಲಿ ಅಣ್ಣ ಗುತ್ಯಪ್ಪ. ಸದಾಶಿವಪ್ಪನ ತಾಯಿ ದುರ್ಗಮ್ಮ ಒಳಗೂ ಹೊರಗೂ ಓಡಾಡುತ್ತಾ ಒಂದೇ ಸಮ ಅಳುತ್ತಿದ್ದಳು, ನಗುತ್ತಿದ್ದಳು.

ಜಗಲಿಯ ಮೇಲಿದ್ದವಳು ಎದ್ದು ನಿಂತಳು. ಮೈ ತುಂಬಿಕೊಂಡಿತ್ತು. ಹಣೆಯಲ್ಲಿ ದೊಡ್ಡ ಕುಂಕುಮ.

“ಗುಣ ಆಯ್ತು. ಮನೆಗೆ ಹೋಗಿ ಅಂದ್ಬಿಟ್ಟರು ಡಾಕ್ಟರು” ಎಂದಳು ಲೋಕಮ್ಮ. “ಖಾತ್ರಿ ಆಗೋತನಕ ಯಾರಿಗೂ ಹೇಳಬೇಡ ಅಂತ ಅಣ್ಣನ ಹತ್ರ ಆಣೆ ಹಾಕಿಸ್ಕೊಂಡಿದ್ದೆ. ಮತ್ತೆ ಆಸೆ ಹುಟ್ಟಿಸಿ ಸತ್ತರೆ ನಿಮಗೆ ಎರಡು ಸಾವು ಆಗ್ತಿತ್ತಲ್ಲ.”

ನೀಲಮ್ಮನ ಎದೆ ಧಸಕ್ಕೆಂದಿತು. ಸಂತೋಷ ಬಂತು, ನಿಜ. ಆದರೆ ಆಮೇಲೆ ಬಂತು. ಒಡಹುಟ್ಟಿದವಳು ಬದುಕಿ ಬಂದಾಗ ಮೊದಲು ಬಂದದ್ದು ಆ ಅಳುಕು. ಆ ಕ್ಷಣಕ್ಕಾಗಿ ಅವಳು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಲೋಕಮ್ಮ ಎರಡೂ ಕೈ ಚಾಚಿ ಬಸುವಿನ ಕಡೆ ಬಂದಳು. ಎಚ್ಚರಗೊಂಡ ಮಗು ಕಿರುಚಿ ನೀಲಮ್ಮನ ಕುತ್ತಿಗೆ ಬಿಗಿಯಾಗಿ ಅಪ್ಪಿಕೊಂಡಿತು. “ಅವ್ವಾ! ಅವ್ವಾ!”

ಚಾಚಿದ ಕೈ ಹಾಗೇ ನಿಂತಿತು. ಲೋಕಮ್ಮನ ಕಣ್ಣು ತಂಗಿಯ ಜಡೆಗೆ ಹೋಯಿತು.

“ಹೂವು ಚೆಂದ ಐತೆ” ಎಂದಳು, ಮಾತು ಬದಲಿಸುವಂತೆ.

“ಅಪ್ಪ ಮುಡ್ಸಿದ್ದು” ಎಂದಳು ಗೌರಿ. “ಬೇವಿನ ಮರದ ಹತ್ರ.”

ದುರ್ಗಮ್ಮ ಏನೂ ಕೇಳಿಸದವಳಂತೆ ಸೊಸೆಗೆ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹುಡುಕುತ್ತಾ ಒಳಗೆ ಹೋದಳು.

ಮರುದಿನದಿಂದ ಲೋಕಮ್ಮ ಅಡಿಗೆಮನೆಯ ಒಂದೊಂದೇ ಡಬ್ಬಿಯನ್ನು ಹಳೆಯ ಜಾಗಕ್ಕೆ ಸೇರಿಸಿದಳು. ಸಿಟ್ಟು ಮಾಡಲಿಲ್ಲ, ಜಗಳ ಆಡಲಿಲ್ಲ. ಅದೇ ಕಷ್ಟವಾಯಿತು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂತಾಗ ಮೆಲ್ಲಗೆ ಹೇಳಿದಳು.

“ಅಣ್ಣ ಕುಬಟೂರಲ್ಲಿ ಒಂದು ಗಂಡು ನೋಡಿದಾನೆ. ಗದ್ದೆ ಐತೆ, ಒಳ್ಳೆ ಜನ.”

“ಈಗಲೇ ಯಾಕಕ್ಕ?”

“ಈಗಲೇ ಆಗಬೇಕು.” ಲೋಕಮ್ಮನ ಬೆರಳುಗಳು ಮೊರದಲ್ಲಿ ನಿಂತವು. “ನಾನು ಸಾಯ್ತೀನಿ ಅಂತ ಕೊಟ್ಟಿದ್ದು ನೀಲಿ. ಸಾಯಲಿಲ್ಲ. ಏನು ಮಾಡ್ಲಿ ಹೇಳು? ನಿಂಗೋಸ್ಕರ ಮತ್ತೆ ಹೋಗಿ ಆ ಮಂಚದ ಮೇಲೆ ಮಲಗಲಾ?”

“ನಾನು ಹಂಗಂದ್ನಾ?”

“ಬಾಯಲ್ಲಿ ಅನ್ನಲಿಲ್ಲ. ಅವತ್ತು ಜಗಲಿ ಮುಂದೆ ನಿನ್ನ ಮುಖ ನೋಡಿದೆ.”

ನೀಲಮ್ಮ ತಲೆ ತಗ್ಗಿಸಿದಳು. “ಭಾವನ್ನ ಕೇಳಿದ್ಯಾ?” ಎಂದಳು.

“ಕೇಳಿದೆ. ನೀಲಿ ಚಿಕ್ಕ ಹುಡುಗಿ, ಏನೋ ಮನಸ್ಸಿಗೆ ಹಚ್ಕೊಂಡಿದಾಳೆ, ನನ್ನ ಕಡೆಯಿಂದ ಏನಿಲ್ಲ ಅಂದ್ರು.”

ಸಂಜೆ ಹಿತ್ತಲಿನ ಬಾವಿ ಕಟ್ಟೆಯ ಹತ್ತಿರ ನೀಲಮ್ಮ ಅವನನ್ನು ತಡೆದಳು.

“ಅಂದ್ರಾ?”

ಏನು ಎಂದು ಅವನು ಕೇಳಲಿಲ್ಲ. “ಅಂದೆ.”

“ಯಾಕೆ?”

“ಸಾವಿನ ಬಾಯಿಂದ ಎದ್ದು ಬಂದಿದಾಳೆ. ನಿಜ ಹೇಳಿದ್ರೆ ಮತ್ತೆ ರಕ್ತ ಕಾರ್ತಾಳೆ ಅನ್ನಿಸ್ತು. ಇಬ್ಬರನ್ನೂ ಉಳಿಸೋ ಶಕ್ತಿ ನನಗಿಲ್ಲ ನೀಲಾ.”

“ಅದಕ್ಕೆ ನನ್ನ ಹುಚ್ಚಿ ಮಾಡಿದ್ರಿ.”

“ಹೌದು.”

ತನಗೂ ಸುಳ್ಳು ಹೇಳಿದ್ದರೆ ದ್ವೇಷಿಸಬಹುದಿತ್ತು. ಅವನು ಅಷ್ಟು ಉಪಕಾರವನ್ನೂ ಮಾಡಲಿಲ್ಲ. ಕೆಂಪಾದ ಕಣ್ಣಿನಿಂದ ಅವಳನ್ನೇ ನೋಡುತ್ತಾ ನಿಂತ. ಅವಳು ಕೊಡ ಎತ್ತಿಕೊಂಡು ಒಳಗೆ ಬಂದಳು. ಕುಬಟೂರಿನ ಗಂಡಿಗೆ ಆಗಲಿ ಅಂದಳು.

ಒಂದೇ ಒಂದು ತೊಡಕು ಉಳಿಯಿತು. ಬಸು ಹೆತ್ತ ತಾಯಿಯ ಕೈ ಸೋಕಿದರೆ ಚೀರುತ್ತಿದ್ದ. ಅವಳು ಕಲಸಿದ ಅನ್ನ ಉಗುಳುತ್ತಿದ್ದ. ರಾತ್ರಿ ಅವಳ ಪಕ್ಕ ಮಲಗಿಸಿದರೆ ತೆವಳಿಕೊಂಡು ನೀಲಮ್ಮನ ಚಾಪೆಗೆ ಬರುತ್ತಿದ್ದ. ಬಾಗಿಲ ಸಂದಿಯಲ್ಲಿ ಕೂತು ಲೋಕಮ್ಮ ಅಳುವುದನ್ನು ನೀಲಮ್ಮ ಕಂಡಳು. ಡಬ್ಬಿಗಳನ್ನು ಹಳೆಯ ಜಾಗಕ್ಕೆ ಇಟ್ಟಷ್ಟು ಸುಲಭವಾಗಿ ಈ ಮಗು ಬರುತ್ತಿರಲಿಲ್ಲ.

ತವರಿಗೆ ಹೊರಡುವ ಬೆಳಿಗ್ಗೆ ಗುತ್ಯಪ್ಪ ಟ್ರಂಕು ಎತ್ತಿಕೊಂಡ. ಬಸು ಚಡ್ಡಿ ಎಳೆದುಕೊಳ್ಳುತ್ತಾ ಓಡಿಬಂದು ಅವಳ ಸೀರೆ ಹಿಡಿದ.

“ಅವ್ವಾ, ನಾನೂ.”

“ನಾನು ನಿನ್ನವ್ವ ಅಲ್ಲ. ಬಿಡು.”

ಮಗು ನಕ್ಕಿತು. ಆಟ ಅಂದುಕೊಂಡು ಎತ್ತಿಕೋ ಎಂದು ಕೈ ಚಾಚಿತು.

ನೀಲಮ್ಮ ಹೊಡೆದಳು. ಕೆನ್ನೆಯ ಮೇಲೆ, ಚಟಾರನೆ.

ಬಸುವಿಗೆ ಮೊದಲು ಅಳು ಬರಲಿಲ್ಲ. ಆಶ್ಚರ್ಯದಿಂದ ನೋಡಿದ. ತುಟಿ ನಡುಗುತ್ತಿದ್ದರೂ ಮತ್ತೆ ಅವಳ ಕಡೆಗೇ ಒಂದು ಹೆಜ್ಜೆ ಇಟ್ಟ, ಏಟು ಬಿದ್ದಾಗ ಸಮಾಧಾನಕ್ಕೆ ಹೋಗಲು ಅವನಿಗೆ ಗೊತ್ತಿದ್ದ ಜಾಗ ಅದೊಂದೇ. ಅವಳು ಮತ್ತೆ ಹೊಡೆದಳು, ಇನ್ನೂ ಜೋರಾಗಿ. ಸೀರೆ ಹಿಡಿದ ಬೆರಳುಗಳನ್ನು ಬಿಡಿಸಿ ಆಚೆ ತಳ್ಳಿದಳು.

“ಏ, ಹುಚ್ಚು ಹಿಡೀತೇನೇ ನಿಂಗೆ?” ಗುತ್ಯಪ್ಪ ಕೂಗಿದ.

ಬಸು ಕುಂಡೆಯ ಮೇಲೆ ಬಿದ್ದು, ಎದ್ದು, ಸುತ್ತ ನೋಡಿದ. ಆಮೇಲೆ ಉಸಿರುಗಟ್ಟಿ ಅಳುತ್ತಾ ಓಡಿ ಲೋಕಮ್ಮನ ಮಡಿಲಲ್ಲಿ ಮುಖ ಹುದುಗಿಸಿದ. “ಅವ್ವಾ!”

ಲೋಕಮ್ಮ ಅವನನ್ನು ಬಾಚಿ ತಬ್ಬಿಕೊಂಡಳು. ಮಗನ ತಲೆಯ ಮೇಲಿಂದ ತಂಗಿಯನ್ನು ನೋಡಿದಳು. ಅವಳಿಗೆ ಅರ್ಥವಾಗಿತ್ತು. “ನೀಲಿ...” ಅಂದಳು. ನೀಲಮ್ಮ ಆಗಲೇ ಅಂಗಳ ದಾಟಿದ್ದಳು.

ಬಸ್‌ಸ್ಟ್ಯಾಂಡಿನಲ್ಲಿ ಸೊರಬದ ಬಸ್ಸು ನಿಂತಿತ್ತು. ಗುತ್ಯಪ್ಪ ಟ್ರಂಕನ್ನು ಮೇಲೆ ಹಾಕಿಸಲು ಏಣಿ ಹತ್ತಿದ. ಸದಾಶಿವಪ್ಪ ಓಡಿಕೊಂಡು ಬಂದಿದ್ದ, ಅಂಗಿಯ ಗುಂಡಿ ಹಾಕಿರಲಿಲ್ಲ. ಅವಳು ಕೂತಿದ್ದ ಕಿಟಕಿಯ ಕೆಳಗೆ ನಿಂತ.

“ಅವಳ ತೊಡೆ ಮೇಲೇ ನಿದ್ದೆ ಹೋದ” ಎಂದ. “ಬಿಕ್ಕಿ ಬಿಕ್ಕಿ ಅತ್ತ. ಆದ್ರೆ ಅವಳನ್ನ ಬಿಡಲಿಲ್ಲ.”

“ಒಳ್ಳೇದಾಯ್ತು.”

“ನೀಲಾ.” ಅವನು ಕಿಟಕಿಯ ಸರಳು ಹಿಡಿದುಕೊಂಡ. “ನನಗೂ ಒಂದು ಹೊಡೆದು ಹೋಗು. ನಾನೂ ಅವಳ ಹತ್ರ ಓಡ್ತೀನಿ. ಇಲ್ಲದಿದ್ರೆ ನನ್ನ ಕೈಲಾಗಲ್ಲ.”

ನೀಲಮ್ಮ ಅವನ ಕೈ ನೋಡಿದಳು. ತನ್ನ ಕೈ ಎತ್ತಿ ಆ ಬೆರಳುಗಳ ಮೇಲೆ ಇಟ್ಟಳು, ಯಾರು ನೋಡಿದರೂ ನೋಡಲಿ ಎನ್ನುವಂತೆ. ಹೂವಿನ ಹಬ್ಬದ ಮರದ ಮರೆಯಲ್ಲೂ ಇಷ್ಟು ಧೈರ್ಯ ಬಂದಿರಲಿಲ್ಲ ಅವಳಿಗೆ.

“ಮಗು ಅದು, ನನ್ನ ಮರೀಬೇಕು. ಅದಕ್ಕೆ ಹೊಡೆದೆ” ಎಂದಳು. “ನಿಮಗೆ ಹೊಡೆಯಲ್ಲ ಭಾವ. ನೀವು ಮರೆಯೋದು ನನಗೆ ಬೇಕಿಲ್ಲ.”

ಕಂಡಕ್ಟರ್ ಸೀಟಿ ಊದಿದ. ಅವನ ಬೆರಳು ಸರಳಿನಿಂದ ಜಾರುವ ತನಕ ಅವಳು ಕೈ ತೆಗೆಯಲಿಲ್ಲ.